ನಾಲ್ಕನೇ ಸ್ಕ್ರೂ ಹಿಡಿದಿರಲಿಲ್ಲ: ಹಳೇ ಬೋರ್ಡಿಗೆ ಹೊಸ ಪ್ರೊಸೆಸರ್ ಕೂರಿಸಿದ ಎರಡು ದಿನ

ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲದ ಮೇಲೆ ಲಗ್ನಪತ್ರಿಕೆಯೂ ಇಲ್ಲ. ಸಾಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಡಿಟಿಪಿ ಮಾಡಿಕೊಂಡಿರುವ ನನ್ನಂಥವನಿಗೆ ಕಂಪ್ಯೂಟರಿನ ಹೊಟ್ಟೆ ಬಿಚ್ಚಲು ವರ್ಷಕ್ಕೆ ಸಿಗುವುದು ಇದೊಂದೇ ತಿಂಗಳು. ಮಳೆ ಹಿಡಿದರೆ ಗಿರಾಕಿಗಳು ಬರುವುದಿಲ್ಲ, ಕರೆಂಟು ಇರುವುದಿಲ್ಲ. ಮೊದಲನೆಯದು ಈ ಕೆಲಸಕ್ಕೆ ಅನುಕೂಲ. ಎರಡನೆಯದು ಎಷ್ಟು ಅಪಾಯ ಎಂದು ಮುಂದೆ ಹೇಳುತ್ತೇನೆ.

ಯಂತ್ರ 2019ರದು. ಒಳಗಿದ್ದದ್ದು ಎಎಂಡಿ ಕಂಪನಿಯ ಅಥ್ಲಾನ್ 200ಜಿಇ ಪ್ರೊಸೆಸರ್: ಎರಡು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸದ ಎಳೆ), 35 ವಾಟ್. ಪತ್ರ ಟೈಪ್ ಮಾಡುವವರಿಗೆ ಇವತ್ತಿಗೂ ಸಾಕು. ಆದರೆ ಪತ್ರಿಕೆಯ ವಿನ್ಯಾಸ, ಬ್ರೌಸರಿನಲ್ಲಿ ಹತ್ತು ಟ್ಯಾಬ್, ಮೇಲೆ ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಮಸುಕು ಗಣಪತಿ, ಇವೆಲ್ಲ ಒಟ್ಟಿಗೆ ತೆರೆದರೆ ಮೌಸಿನ ಬಾಣ ಒಂದು ಗಳಿಗೆ ನಿಂತು, ಉಸಿರೆಳೆದುಕೊಂಡು, ಆಮೇಲೆ ಹೊರಡುತ್ತಿತ್ತು. ಹೊಸ ಕಂಪ್ಯೂಟರ್ ಕೊಳ್ಳುವ ಬದಲು ಪ್ರೊಸೆಸರ್ ಮಾತ್ರ ಬದಲಿಸೋಣ ಅಂದುಕೊಂಡೆ. ಎಲ್ಲ ಭಾಗಗಳೂ ಸೇರುವ ಮದರ್‌ಬೋರ್ಡ್ ಬಿ450 ಚಿಪ್‌ಸೆಟ್ಟಿನದು, ಅದರಲ್ಲಿ ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, ಎಎಂ4. 2017ರಲ್ಲಿ ಬಂದ ಮೊದಲ ರೈಜನ್‌ಗಳಿಂದ ಹಿಡಿದು 5000 ಸರಣಿಯವರೆಗೆ ಎಎಂಡಿ ಇದೇ ಸಾಕೆಟ್ ಉಳಿಸಿಕೊಂಡದ್ದು ನಮ್ಮಂಥವರ ಪುಣ್ಯ. ಬೆಂಗಳೂರಿಗೆ ಹೋಗಿದ್ದ ಗೆಳೆಯನ ಕೈಲಿ ಎಸ್‌ಪಿ ರೋಡಿನಿಂದ ರೈಜನ್ 5 5600ಜಿ ತರಿಸಿದೆ. ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಗ್ರಾಫಿಕ್ಸ್ ಅದರೊಳಗೇ ಇರುವುದರಿಂದ ಬೇರೆ ಕಾರ್ಡಿನ ಖರ್ಚಿಲ್ಲ. ಡಬ್ಬದಲ್ಲೇ ಅದನ್ನು ತಂಪಾಗಿಡುವ ರೈತ್ ಸ್ಟೆಲ್ತ್ ಅನ್ನುವ ಫ್ಯಾನಿನ ಕೂಲರೂ ಬರುತ್ತದೆ. ಇದಕ್ಕಿಂತ ದೊಡ್ಡ ಕೂಲರ್ ಹಾಕಿಸು ಎಂದು ಗೆಳೆಯ ಹೇಳಿದ. ನನ್ನ ಕೆಲಸಕ್ಕೆ ಅದು ಮೂಗಿಗಿಂತ ಮೂಗುತಿ ಭಾರ.

ಸಹಾಯಕ್ಕೆ ಅಣ್ಣನ ಮಗಳು ಇದ್ದಳು. ಎಂಜಿನಿಯರಿಂಗ್ ಎರಡನೇ ವರ್ಷ, ರಜೆಗೆ ಬಂದಿದ್ದಳು. ಟಾರ್ಚ್ ಹಿಡಿಯುವುದು ಅವಳ ಕೆಲಸ ಎಂದು ನಾನು ತಿಳಿದಿದ್ದೆ. ಚಿಕ್ಕಪ್ಪ ತಪ್ಪು ಮಾಡಿದಾಗ ಹಿಡಿಯುವುದು ತನ್ನ ಕೆಲಸ ಎಂದು ಅವಳು ತಿಳಿದಿದ್ದಳು.

ಬಿಚ್ಚುವ ಮುಂಚೆ ಬಯೋಸ್

ಬಯೋಸ್ ಅಂದರೆ ಬೋರ್ಡಿನಲ್ಲೇ ಕೂತು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ. ತುಂಬಾ ಜನ ಜಾರುವುದು ಇಲ್ಲೇ. ಸಾಕೆಟ್ ಒಂದೇ ಆದರೂ 2019ರ ಬಯೋಸ್‌ಗೆ 2021ರ ಪ್ರೊಸೆಸರಿನ ಗುರುತು ಹತ್ತುವುದಿಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಹಾಕಿ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಚಿಪ್ಪೇ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಕಳಿಸಿದವರನ್ನು ನಾನು ಬಲ್ಲೆ. ಹಾಗಾಗಿ ಹಳೇ ಚಿಪ್ ಇನ್ನೂ ಕೂತಿರುವಾಗಲೇ ಬಯೋಸ್ ಏರಿಸಿಕೊಳ್ಳಬೇಕು. ಪ್ರೊಸೆಸರ್ ಇಲ್ಲದೆಯೂ ಬಯೋಸ್ ಹಾಕಲು ಹಿಂಬದಿಯಲ್ಲಿ ಗುಂಡಿ ಇರುವ ಬೋರ್ಡುಗಳಿವೆ, ನನ್ನದರಲ್ಲಿ ಇಲ್ಲ.

ಬೋರ್ಡ್ ತಯಾರಿಸಿದ ಕಂಪನಿ ಯಾವ ಪ್ರೊಸೆಸರಿಗೆ ಯಾವ ಆವೃತ್ತಿಯಿಂದ ಬೆಂಬಲ ಎಂದು ಪಟ್ಟಿ ಕೊಟ್ಟಿರುತ್ತದೆ. ಬೋರ್ಡಿನ ಹೆಸರಿನ ಜೊತೆ ಅದರ ರಿವಿಷನ್ ನಂಬರನ್ನೂ ನೋಡಬೇಕು. ಅದು ಬೋರ್ಡಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಕೆಲವು ಬೋರ್ಡುಗಳಿಗೆ ಹಳೆಯದರಿಂದ ನೇರ ಹೊಸದಕ್ಕೆ ಜಿಗಿಯಬಾರದು, ನಡುವಿನ ಒಂದು ಆವೃತ್ತಿ ಹಾಕಿಕೊಂಡೇ ಹೋಗಬೇಕು ಎಂಬ ಸೂಚನೆಯೂ ಅಲ್ಲೇ ಇರುತ್ತದೆ. ನನಗೆ ಹಾಗೆಯೇ ಎರಡು ಮೆಟ್ಟಿಲು ಆಯಿತು. ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಫೈಲ್ ಹಾಕಿ, ಬಯೋಸ್ ಒಳಗಿನ ಅಪ್‌ಡೇಟ್ ಸೌಲಭ್ಯದಿಂದಲೇ ಹಾಕಿದೆ.

ಕರೆಂಟಿನ ಅಪಾಯ ಇರುವುದು ಈ ಕೆಲವೇ ನಿಮಿಷಗಳಲ್ಲಿ. ಬಯೋಸ್ ಬರೆಯುವಾಗ ಅರ್ಧಕ್ಕೆ ವಿದ್ಯುತ್ ಹೋದರೆ ಬೋರ್ಡ್ ಮತ್ತೆ ಏಳದೇ ಹೋಗಬಹುದು. ಯುಪಿಎಸ್ ಇದೆ ಎಂದು ನಂಬಿ ಕೂರಬಾರದು, ಅದರ ಬ್ಯಾಟರಿಗೆ ಜೀವ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ನಾನು ಹಿಂದಿನ ರಾತ್ರಿ ಗೋಡೆಯ ಸ್ವಿಚ್ ಆರಿಸಿ ಗಡಿಯಾರ ಹಿಡಿದು ಕೂತೆ. ಹದಿನಾಲ್ಕು ನಿಮಿಷ ಬಂತು. ಬೆಳಿಗ್ಗೆ ಎರಡನೇ ಮೆಟ್ಟಿಲಿನಲ್ಲಿ ಶೇಕಡಾ ಅರವತ್ತು ತೋರಿಸುತ್ತಿದ್ದಾಗ ಕರೆಂಟು ಹೋಗಿಯೇಬಿಟ್ಟಿತು. ಯುಪಿಎಸ್ ಕೀಂಯ್ ಅನ್ನುತ್ತಿತ್ತು, ನಾವಿಬ್ಬರೂ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದೆವು. ಮುಗಿದು ತಾನೇ ರೀಸ್ಟಾರ್ಟ್ ಆದಮೇಲೆ ಅವಳು, "ಚಿಕ್ಕಪ್ಪ, ಇದಕ್ಕಿಂತ ಪರೀಕ್ಷೆ ರಿಸಲ್ಟೇ ವಾಸಿ" ಅಂದಳು.

ಜುಂ ಅನ್ನುವ ಕ್ಯಾಬಿನೆಟ್

ನಮ್ಮದು ಹಳೇ ಮನೆ. ಮೂರು ಪಿನ್ನಿನ ಸಾಕೆಟ್ ಇದೆ, ಮೇಲಿನ ದಪ್ಪ ತೂತಿಗೆ ಅರ್ಥಿಂಗ್ ತಂತಿ ಬಂದಿದೆಯೋ ಇಲ್ಲವೋ ಎಂಬುದು ಆ ಕಾಲದ ವೈರ್‌ಮನ್‌ನ ದಯೆಗೆ ಬಿಟ್ಟದ್ದು. ಕಂಪ್ಯೂಟರ್ ಚಾಲೂ ಇರುವಾಗ ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತಿದ್ದರೆ ನಿಮ್ಮ ಮನೆಯಲ್ಲೂ ಅದೇ ಕಥೆ. ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬದೊಳಗೆ ವಿದ್ಯುತ್ತಿನ ಗದ್ದಲ ಸೋಸಲು ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಸರಿಯಿದ್ದರೆ ಅಲ್ಲಿ ಸೋರುವ ಚೂರು ವಿದ್ಯುತ್ ಭೂಮಿಗೆ ಇಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೈ ಸುಮಾರು ನೂರು ವೋಲ್ಟಿನ ಆಸುಪಾಸು ತೇಲುತ್ತಿರುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆಯಾದ್ದರಿಂದ ನಮಗೆ ಜುಂ ಅಷ್ಟೇ, ಆದರೆ ಬಿಚ್ಚಿಟ್ಟ ಚಿಪ್ಪಿಗೆ ಅದು ಸುಖದ ಜಾಗವಲ್ಲ.

ಸ್ವಿಚ್ ಆರಿಸಿ ಪ್ಲಗ್ ಅಲ್ಲೇ ಬಿಡಿ, ಅರ್ಥಿಂಗ್ ಸಿಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಅರ್ಥಿಂಗ್ ಪಕ್ಕಾ ಇರುವ ಮನೆಗೆ ಆ ಮಾತು ಸರಿ. ನಾನು ವೈರನ್ನು ಎಸ್‌ಎಂಪಿಎಸ್ ಹಿಂಬದಿಯಿಂದಲೇ ಕಿತ್ತೆ. ಮಾನಿಟರಿನ ವೈರು, ಪ್ರಿಂಟರಿನ ವೈರು, ಎಲ್ಲ ತೆಗೆದೆ. ಆಮೇಲೆ ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದೆ, ಕೆಪಾಸಿಟರುಗಳಲ್ಲಿ ಉಳಿದದ್ದು ಖಾಲಿಯಾಗಲಿ ಎಂದು. ಇನ್ನು ಮೈಯಲ್ಲಿ ಕೂಡುವ ಸ್ಥಾಯೀ ವಿದ್ಯುತ್ತು. ಅದು ನಮ್ಮ ಬೆರಳಿಗೆ ಚಟ್ ಎಂದು ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಇರಬೇಕು. ಚಿಪ್ ಕೆಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅಂದರೆ ಏನೂ ಗೊತ್ತಾಗಲಿಲ್ಲ ಅನ್ನುವುದು ಏನೂ ಆಗಲಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಮಲೆನಾಡಿನ ಮಳೆಗಾಲದ ತೇವಕ್ಕೆ ಈ ಕಾಟ ಕಡಿಮೆ, ಬೇಸಿಗೆಯ ಒಣಹವೆಯಲ್ಲಿ ಇದನ್ನು ಮಾಡುವವರು ಹೆಚ್ಚು ಎಚ್ಚರವಾಗಿರಬೇಕು. ನೈಲಾನ್ ಚಾಪೆ ಬಿಟ್ಟು ಬರಿಗಾಲಲ್ಲಿ ರೆಡ್‌ಆಕ್ಸೈಡ್ ನೆಲದ ಮೇಲೆ ಕೂತೆ. ಚಿಪ್ಪನ್ನೋ ಬೋರ್ಡನ್ನೋ ಮುಟ್ಟುವ ಮುಂಚೆ ಪ್ರತಿಸಲ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟುವುದು ರೂಢಿಮಾಡಿಕೊಂಡೆ. ನಾನೂ ಕ್ಯಾಬಿನೆಟ್ಟೂ ಬೋರ್ಡೂ ಒಂದೇ ಮಟ್ಟದಲ್ಲಿದ್ದರೆ ಕಿಡಿ ಹಾರಲು ಕಾರಣವೇ ಇಲ್ಲ.

ಟಕ್

ಹಳೇ ಕೂಲರ್ ಕೀಳುವ ಮುಂಚೆ ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ದುಡಿಸಿ ಬಿಸಿ ಮಾಡಬೇಕು. ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಲೆಂದು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಕೂತು ಗಟ್ಟಿಯಾಗಿ ಅಂಟಿನಂತಾಗಿರುತ್ತದೆ, ಬಿಸಿಗೆ ಸಡಿಲವಾಗುತ್ತದೆ. ಇದು ನನಗೆ ಗೊತ್ತಿತ್ತು. ಬಿಸಿ ಮಾಡಿಯೂ ಇದ್ದೆ. ಆರಿಸಿ ವೈರ್ ಕಿತ್ತು ಇನ್ನೇನು ಕೈ ಹಾಕಬೇಕು, ಊಟಕ್ಕೆ ಕರೆ ಬಂತು. ಪತ್ರೊಡೆ ಮಾಡಿದ್ದರು. ಪತ್ರೊಡೆ ಆರಬಾರದು ಅನ್ನುವ ಭರದಲ್ಲಿ ಪ್ರೊಸೆಸರ್ ಆರಿತು.

ಮುಕ್ಕಾಲು ಗಂಟೆ ಬಿಟ್ಟು ಬಂದು ಕೂತೆ. ಹಳೇ ಕೂಲರ್ ಕ್ಲಿಪ್ಪಿನದು. ಸಾಕೆಟ್ಟಿನ ಎರಡು ಬದಿಗೆ ಕಪ್ಪು ಪ್ಲಾಸ್ಟಿಕ್ ಬ್ರ್ಯಾಕೆಟ್, ಅದರ ಕೊಕ್ಕೆಗೆ ಲೋಹದ ಪಟ್ಟಿ ಸಿಕ್ಕಿಸಿ ಒಂದು ಬದಿಯ ಹಿಡಿ ಮಡಚಿ ಬಿಗಿ ಮಾಡಿದ್ದು. ಹಿಡಿ ಎತ್ತಿ, ಪಟ್ಟಿ ಬಿಡಿಸಿ, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುವಿದೆ. ಅಲುಗಿದ ಹಾಗೆ ಅನಿಸಿತು. ಎತ್ತಿದೆ. ಟಕ್ ಅಂತು. ಕೂಲರಿನ ಅಡಿಯಲ್ಲಿ ಅಥ್ಲಾನ್ ಅಂಟಿಕೊಂಡೇ ಬಂದಿತ್ತು. ಸಾಕೆಟ್ಟಿನ ಸರಳು ಇನ್ನೂ ಬೀಗ ಹಾಕಿದ ಸ್ಥಿತಿಯಲ್ಲೇ ಇತ್ತು.

ಎಎಂ4ರ ದೌರ್ಬಲ್ಯ ಇದು. ಅದರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುತ್ತವೆ, ಒಟ್ಟು 1331. ಸಾಕೆಟ್ಟಿನಲ್ಲಿ ಅಷ್ಟೇ ತೂತು. ಪಕ್ಕದ ಸರಳು ಇಳಿಸಿದಾಗ ಒಳಗಿನ ಲೋಹದ ತುಟಿಗಳು ಪಿನ್ನನ್ನು ಬದಿಯಿಂದ ಕಚ್ಚಿ ಹಿಡಿಯುತ್ತವೆ, ಅಷ್ಟೇ. ಮೇಲಿನಿಂದ ಅದುಮಿ ಹಿಡಿಯುವ ಮುಚ್ಚಳ ಇಲ್ಲ. ಇಂಟೆಲ್ ಸಾಕೆಟ್ಟಿನಲ್ಲಿ ಲೋಹದ ಚೌಕಟ್ಟು ಇರುವುದರಿಂದ ಚಿಪ್ ಹೀಗೆ ಎದ್ದು ಬರುವುದಿಲ್ಲ. ಅಲ್ಲಿ ಪಿನ್ನುಗಳು ಬೋರ್ಡಿನ ಕಡೆ ಇರುತ್ತವೆ, ಅವು ಬಗ್ಗಿದರೆ ಹೋಗುವುದು ಬೋರ್ಡು. 2022ರಲ್ಲಿ ಬಂದ ಎಎಂ5ರಿಂದ ಎಎಂಡಿಯೂ ಅದೇ ದಾರಿ ಹಿಡಿಯಿತು.

"ಎಳೀಬೇಡಿ ಚಿಕ್ಕಪ್ಪ" ಎಂದು ಅವಳು ಕೂಗಿದ್ದು ಸರಿಯಾಯಿತು. ಸ್ಕ್ರೂಡ್ರೈವರ್ ತುದಿ ತೂರಿಸಿ ಮೀಟುವ ಆಲೋಚನೆ ನನ್ನ ತಲೆಗೆ ಬಂದಾಗಿತ್ತು. ಹಾಗೆ ಮೀಟಿದರೆ ಚಿಪ್ಪಿನ ಹಸಿರು ಹಲಗೆಯೋ ಪಿನ್ನಿನ ಸಾಲೋ ಹೋಗುತ್ತದೆ. ಅವಳ ಹೇರ್ ಡ್ರೈಯರಿನಲ್ಲಿ ಕೂಲರಿನ ಲೋಹವನ್ನು ಮೂರು ನಾಲ್ಕು ನಿಮಿಷ ಬಿಸಿ ಮಾಡಿ, ಗಟ್ಟಿ ನೈಲಾನ್ ದಾರವನ್ನು ಚಿಪ್ಪಿನ ಲೋಹದ ತಲೆ ಮತ್ತು ಕೂಲರಿನ ನಡುವೆ ಗರಗಸದಂತೆ ಎಳೆದೆವು. ಬೇರೆಯಾಯಿತು. ಟಾರ್ಚ್ ಬೆಳಕು ಓರೆಯಾಗಿ ಬಿಟ್ಟು ಪಿನ್ನಿನ ಸಾಲು ನೋಡಿದರೆ, ಭತ್ತದ ಸಸಿ ನೆಟ್ಟ ಗದ್ದೆಯಲ್ಲಿ ಎರಡು ಸಸಿ ಮಾತ್ರ ಮಲಗಿದ ಹಾಗೆ, ಒಂದು ಮೂಲೆಯಲ್ಲಿ ಎರಡು ಪಿನ್ ಬಾಗಿದ್ದವು.

ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲು ಇದಕ್ಕೆ ಹೇಳಿಮಾಡಿಸಿದ ಉಪಕರಣ. ಅದರ ಕೊಳವೆಯ ಬಾಯಿಯನ್ನು ಪಿನ್ನಿಗೆ ತೊಡಿಸಿ ಮೆಲ್ಲಗೆ ನೇರ ಮಾಡಬಹುದು. ಒಂದೇ ಸಲಕ್ಕೆ ಪೂರ್ತಿ ಎತ್ತಬಾರದು, ಹಿಂದೆ ಮುಂದೆ ಆಡಿಸಲೇಬಾರದು. ಚಿನ್ನದ ಲೇಪವಿದ್ದರೂ ಒಳಗಿರುವುದು ಸಣ್ಣ ಲೋಹದ ಕಡ್ಡಿ, ಎರಡು ಮೂರು ಸಲ ಬಗ್ಗಿಸಿದರೆ ಮುರಿಯುತ್ತದೆ. ಮುರಿದ ಪಿನ್ನಿಗೆ ಮನೆಯಲ್ಲಿ ಮದ್ದಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಎಟಿಎಂ ಕಾರ್ಡಿನ ಅಂಚನ್ನು ಸಾಲುಗಳ ನಡುವೆ ಉದ್ದಕ್ಕೂ ಅಡ್ಡಕ್ಕೂ ಹಾಯಿಸಿ ನೋಡಿದೆ, ಎಲ್ಲೂ ತಡೆಯಲಿಲ್ಲ. ಸಾಕೆಟ್ಟಿನ ಸರಳು ಎತ್ತಿ ಅಥ್ಲಾನನ್ನೇ ಮತ್ತೊಮ್ಮೆ ಇಟ್ಟುನೋಡಿದೆ. ಒತ್ತದೇ ತಾನಾಗಿ ಕೂತಿತು. ಪಿನ್ ನೆಟ್ಟಗಿದೆ ಎನ್ನಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನ್ನ ಬಳಿ ಇರಲಿಲ್ಲ.

ಹೊಸ ಚಿಪ್

ಎಲ್ಲರೂ ಹೆದರುವುದು ಇಲ್ಲಿ. ನಿಜಕ್ಕೂ ಸುಲಭ ಇರುವುದೂ ಇಲ್ಲೇ. ಸರಳನ್ನು ಸ್ವಲ್ಪ ಹೊರಕ್ಕೆ ಸರಿಸಿ ನೆಟ್ಟಗೆ ಮೇಲೆತ್ತಬೇಕು. ಪ್ರೊಸೆಸರನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಪಿನ್ನಿಗೆ ಬೆರಳು ತಾಗಬಾರದು. ಚಿಪ್ಪಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ತ್ರಿಕೋನ, ಸಾಕೆಟ್ಟಿನ ಒಂದು ಮೂಲೆಯಲ್ಲೂ ತ್ರಿಕೋನ. ಎರಡೂ ಒಂದೇ ಮೂಲೆಗೆ ಬರಬೇಕು. ಬಂದರೆ ಚಿಪ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ದಿಕ್ಕು ತಪ್ಪಿದೆ ಅಥವಾ ಪಿನ್ ಬಾಗಿದೆ, ಎರಡಕ್ಕೂ ಒತ್ತುವುದು ಉತ್ತರವಲ್ಲ. ಕೂತ ಮೇಲೆ ನಾಲ್ಕೂ ಬದಿಯಿಂದ ಬಗ್ಗಿ ನೋಡಬೇಕು, ಎಲ್ಲೂ ಸಂದು ಕಾಣಬಾರದು. ಆಮೇಲೆ ಸರಳು ಇಳಿಸಬೇಕು. ಸರಳಿಗೆ ಸ್ವಲ್ಪ ಬಲ ಬೇಕು, ಆ ಬಿಗಿಗೆ ಗಾಬರಿಯಾಗಬೇಕಿಲ್ಲ. ಇಂಟೆಲ್ ಸಾಕೆಟ್ಟಿನಲ್ಲಾದರೆ ಆ ಬಿಗಿ ಇನ್ನೂ ಜಾಸ್ತಿ, ಜೊತೆಗೆ ಕರಕರ ಸದ್ದು ಬೇರೆ. ಮೊದಲ ಸಲ ಕೇಳಿದಾಗ ದುಡ್ಡೆಲ್ಲ ಪುಡಿಯಾದಂತೆ ಅನಿಸುತ್ತದೆ.

ಅವಳೇ ಕೂರಿಸಿದಳು. ಹತ್ತು ಸೆಕೆಂಡೂ ಆಗಲಿಲ್ಲ. "ಇಷ್ಟೇನಾ?" ಅಂದಳು.

ಸೋಮಾರಿತನ ಮಾಡಿದ್ದು ಇಲ್ಲಿ

ರೈತ್ ಸ್ಟೆಲ್ತ್ ಕ್ಲಿಪ್ಪಿನದಲ್ಲ, ಸ್ಕ್ರೂವಿನದು. ನಾಲ್ಕು ಮೂಲೆಯಲ್ಲಿ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂ. ಇವು ಹಿಡಿಯಬೇಕಾದ್ದು ಬೋರ್ಡಿನ ಹಿಂಬದಿಯ ಬ್ಯಾಕ್‌ಪ್ಲೇಟಿನ ನಾಲ್ಕು ಗೂಟಗಳಿಗೆ. ಅದಕ್ಕಾಗಿ ಮುಂಚೆ ಇದ್ದ ಪ್ಲಾಸ್ಟಿಕ್ ಬ್ರ್ಯಾಕೆಟ್ ಎರಡನ್ನೂ ತೆಗೆಯಬೇಕು. ಆ ಬ್ರ್ಯಾಕೆಟ್ಟಿನ ಸ್ಕ್ರೂಗಳೇ ಬ್ಯಾಕ್‌ಪ್ಲೇಟನ್ನೂ ಹಿಡಿದುಕೊಂಡಿರುತ್ತವೆ. ಕೊನೆಯದನ್ನು ಬಿಚ್ಚಿದ ತಕ್ಷಣ ಹಿಂದಿನ ಪ್ಲೇಟ್ ಕಳಚಿ ಬೀಳುತ್ತದೆ. ಗೊತ್ತಿಲ್ಲದವರಿಗೆ ಇದು ಒಗಟು: ಸ್ಕ್ರೂ ಎಷ್ಟು ತಿರುಗಿಸಿದರೂ ಹಿಡಿಯುತ್ತಿಲ್ಲ, ಹಿಂದೆ ಏನೂ ಇಲ್ಲ.

ನ್ಯಾಯವಾಗಿ ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆದು ಮೇಜಿನ ಮೇಲೆ ಮಲಗಿಸಿ ಮಾಡಬೇಕಾದ ಕೆಲಸ ಇದು. ನಾನು ಮಾಡಲಿಲ್ಲ. ಮುಂಭಾಗದ ಪವರ್ ಬಟನ್, ದೀಪ, ಯುಎಸ್‌ಬಿಗಳ ಸಣ್ಣ ಸಣ್ಣ ವೈರು ಕಿತ್ತು ಮತ್ತೆ ಜೋಡಿಸುವ ಬೇಸರ. ಕ್ಯಾಬಿನೆಟ್ಟಿನ ಹಿಂದಿನ ತಗಡಿನಲ್ಲಿ ಬ್ಯಾಕ್‌ಪ್ಲೇಟಿನ ನೇರಕ್ಕೆ ಕಿಂಡಿ ಇದೆಯಲ್ಲ, ಅಲ್ಲಿಂದಲೇ ಹಿಡಿದರಾಯಿತು ಎಂದು ಕ್ಯಾಬಿನೆಟ್ ನಿಲ್ಲಿಸಿಕೊಂಡೇ ಶುರುಮಾಡಿದೆ. ಹಿಂದಿನಿಂದ ಅವಳು ಬೆರಳಲ್ಲಿ ಪ್ಲೇಟ್ ಒತ್ತಿ ಹಿಡಿದಳು. ಮುಂದೆ ನಾನು ಒಂದು ಕೈಯಲ್ಲಿ ಕೂಲರ್, ಒಂದು ಕೈಯಲ್ಲಿ ಸ್ಕ್ರೂಡ್ರೈವರ್. ಕೂಲರಿನ ಅಡಿಗೆ ಕಂಪನಿಯವರೇ ಬೂದುಬಣ್ಣದ ಪೇಸ್ಟ್ ಹಚ್ಚಿ ಕಳಿಸಿರುತ್ತಾರೆ, ಅದು ಎಲ್ಲಿಗೂ ತಾಗದಂತೆ ನೇರವಾಗಿ ತಂದು ಒಂದೇ ಸಲ ಕೂರಿಸಬೇಕು. ಗೋಡೆಗೆ ಕ್ಯಾಲೆಂಡರ್ ಹೊಡೆದಂತೆ ನಿಂತ ಬೋರ್ಡಿಗೆ ಅದನ್ನು ಒತ್ತಿದಾಗ ಒಂದಿಷ್ಟು ಜಾರಿತು. ಮೂರು ಸ್ಕ್ರೂ ಹಿಡಿದದ್ದು ಕೈಗೆ ಗೊತ್ತಾಯಿತು. ನಾಲ್ಕನೆಯದು ತಿರುಗಿತು, ಸ್ಪ್ರಿಂಗ್ ಎದುರೊತ್ತಿತು, ಹಿಡಿದಿರಬೇಕು ಎಂದುಕೊಂಡೆ.

ಫ್ಯಾನಿನ ವೈರನ್ನು ಬೋರ್ಡಿನ ಮೇಲೆ ಸಿಪಿಯು ಫ್ಯಾನ್ ಎಂದು ಬರೆದ ನಾಲ್ಕು ಪಿನ್ನಿಗೇ ಹಾಕಬೇಕು, ಪಕ್ಕದ ಕ್ಯಾಬಿನೆಟ್ ಫ್ಯಾನಿನದಕ್ಕಲ್ಲ. ನಾಲ್ಕರಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಒಂದು ಫ್ಯಾನ್ ಎಷ್ಟು ಸುತ್ತುತ್ತಿದೆ ಎಂದು ಬೋರ್ಡಿಗೆ ವರದಿ ಹೇಳುವ ತಂತಿ, ಕೊನೆಯದು ಎಷ್ಟು ವೇಗವಾಗಿ ಸುತ್ತಬೇಕು ಎಂದು ಬೋರ್ಡ್ ಅಪ್ಪಣೆ ಕೊಡುವ ತಂತಿ. ತಪ್ಪು ಜಾಗಕ್ಕೆ ಹಾಕಿದರೆ ವರದಿ ಬರದ ಬೋರ್ಡು ಫ್ಯಾನ್ ಇಲ್ಲವೆಂದು ತಿಳಿದು ಮುಂದಕ್ಕೇ ಹೋಗದಿರಬಹುದು. ವೈರ್ ರೆಕ್ಕೆಗೆ ತಾಗದಂತೆ ಬದಿಗೆ ಸಿಕ್ಕಿಸಿದೆ.

ಆನ್ ಮಾಡಿದೆ. ಮೊದಲ ಪರದೆಯಲ್ಲಿ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಭದ್ರತೆಯ ಕೀಲಿಗಳನ್ನು ಇಡುವ ಖಜಾನೆ) ಅಳಿಸಲೇ ಎಂದು ವೈ ಅಥವಾ ಎನ್ ಒತ್ತಲು ಕೇಳಿತು. ಗಾಬರಿ ಬೇಡ, ಇದು ಎಎಂಡಿ ಬೋರ್ಡುಗಳ ಮಾಮೂಲಿ ಪ್ರಶ್ನೆ. ಆದರೆ ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿಕೊಂಡವರು ಅದರ ರಿಕವರಿ ಕೀಲಿಯನ್ನು ಚಿಪ್ ಬದಲಿಸುವ ಮುಂಚೆಯೇ ಬರೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ವೈ ಒತ್ತಿದ ಮೇಲೆ ತಮ್ಮ ಡಿಸ್ಕಿಗೆ ತಾವೇ ಹೊರಗಿನವರಾಗುತ್ತಾರೆ. ನನ್ನದರಲ್ಲಿ ಅದಿರಲಿಲ್ಲ. ವೈ ಒತ್ತಿದೆ. ವಿಂಡೋಸ್ ಬಂತು, ಹನ್ನೆರಡು ಥ್ರೆಡ್ ತೋರಿಸಿತು. ನಾವಿಬ್ಬರೂ ಚಹಾ ಕುಡಿದೆವು. ಚಹಾ ಮುಗಿಯುವ ಮುಂಚೆ ಖುಷಿ ಮುಗಿಯಿತು.

ಎಮ್ಮೆಗೆ ಬರೆ

ಸುಮ್ಮನೆ ಕೂತಾಗಲೇ 54 ಡಿಗ್ರಿ. ಎಲ್ಲ ಕೋರುಗಳಿಗೂ ಕೆಲಸ ಕೊಡುವ ಪರೀಕ್ಷೆ ಓಡಿಸಿದರೆ ಒಂದು ನಿಮಿಷದೊಳಗೆ 95. ಈ ಚಿಪ್ಪಿಗೆ ಎಎಂಡಿ ಹೇಳಿರುವ ಗರಿಷ್ಠ ಮಿತಿಯೇ 95. ಅಲ್ಲಿ ಮುಟ್ಟಿದಾಗ ಅದು ಸುಟ್ಟುಹೋಗುವುದಿಲ್ಲ, ತನ್ನ ವೇಗ ತಾನೇ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ಅಂದರೆ ಆರು ಕೋರಿಗೆ ದುಡ್ಡು ಕೊಟ್ಟು ನಾಲ್ಕು ಕೋರಿನ ಕೆಲಸ ಪಡೆದ ಹಾಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನಾನು ಮೊದಲು ಹೋದದ್ದು ಬಯೋಸಿಗೆ. ಫ್ಯಾನಿನ ವೇಗ ಏರಿಸಿದೆ. ಕೋಣೆ ತುಂಬ ಅಕ್ಕಿ ಗಿರಣಿಯ ಸದ್ದು, ತಾಪ ಇಳಿದದ್ದು ಎರಡು ಡಿಗ್ರಿ. ಕ್ಯಾಬಿನೆಟ್ ಬಾಗಿಲು ತೆಗೆದಿಟ್ಟೆ, ಇನ್ನೊಂದು ಡಿಗ್ರಿ. ಡಬ್ಬದಲ್ಲೇ ಬಂದ ಕೂಲರ್ ಇಷ್ಟೇ, ಗೆಳೆಯ ಹೇಳಿದ್ದೇ ಸರಿ ಎಂದು ರಾತ್ರಿ ಮಲಗಿದೆ.

ಬೆಳಿಗ್ಗೆ ಅವಳು ಒಂದು ಮಾತು ಕೇಳಿದಳು: "ಸುಮ್ಮನಿದ್ದಾಗಲೂ 54 ಯಾಕೆ? ಕೂಲರ್ ಸಣ್ಣದು ಅಂತಾದರೆ ಕೆಲಸ ಕೊಟ್ಟಾಗ ತಾನೇ ಬಿಸಿ ಆಗಬೇಕು?" ಕೋಣೆಯ ತಾಪ 25ರ ಹತ್ತಿರ ಇತ್ತು. ಅವಳ ಲೆಕ್ಕ ಸರಿ. ಬಿಸಿ ಹೊರಹೋಗುವುದು ತಡವಾಗುತ್ತಿಲ್ಲ, ಚಿಪ್ಪಿನಿಂದ ಕೂಲರಿಗೆ ದಾಟುತ್ತಲೇ ಇಲ್ಲ. ಪರೀಕ್ಷೆ ಓಡಿಸಿ, ತಾಪದ ಅಂಕಿ ನೋಡುತ್ತಾ, ಕೂಲರಿನ ಚೌಕಟ್ಟಿನ ಒಂದೊಂದೇ ಮೂಲೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಬಂದೆ, ತಿರುಗುವ ರೆಕ್ಕೆಯಿಂದ ಬೆರಳು ದೂರವಿಟ್ಟು. ಮೂರು ಮೂಲೆಗೆ ಏನೂ ಇಲ್ಲ. ನಾಲ್ಕನೇ ಮೂಲೆ ಒತ್ತಿದ ಕೂಡಲೆ 92 ಇದ್ದದ್ದು 83ಕ್ಕೆ ಬಿತ್ತು. ಬಿಟ್ಟರೆ ಮತ್ತೆ ಏರಿತು.

ಆರಿಸಿ, ಈ ಸಲ ಊಟ ತಿಂಡಿ ಏನನ್ನೂ ಕಾಯದೆ ಬಿಸಿಯಿರುವಾಗಲೇ ಬಿಚ್ಚಿದೆ. ಸ್ಕ್ರೂ ಸಡಿಲಿಸಿ ನಿಧಾನ ತಿರುವಿದರೆ ಬೆಣ್ಣೆಯ ಮೇಲಿನ ಚಮಚದಂತೆ ಬಂತು, ಚಿಪ್ ಸಾಕೆಟ್ಟಿನಲ್ಲೇ ಉಳಿಯಿತು. ಪೇಸ್ಟಿನ ಅಚ್ಚು ಎಲ್ಲ ಕಥೆ ಹೇಳಿತು. ಒಂದು ಮೂಲೆಯಲ್ಲಿ ಒತ್ತಿ ಹರಡಿ ತೆಳ್ಳಗಾಗಿತ್ತು. ಎದುರು ಮೂಲೆಯಲ್ಲಿ ಕಂಪನಿಯವರು ಹಚ್ಚಿದ ರೀತಿಯಲ್ಲೇ ದಪ್ಪಗೆ, ಚಿಪ್ ಮುಟ್ಟಿದ ಗುರುತೇ ಇಲ್ಲದೆ ಕೂತಿತ್ತು. ಹಿಂದೆ ನೋಡಿದರೆ ಬ್ಯಾಕ್‌ಪ್ಲೇಟಿನ ಒಂದು ಗೂಟ ತೂತಿನಿಂದ ಅರ್ಧ ಹಿಂದೆ ಸರಿದಿತ್ತು. ನನ್ನ ನಾಲ್ಕನೇ ಸ್ಕ್ರೂ ಗಾಳಿಯಲ್ಲಿ ತಿರುಗಿತ್ತು. ನಾನು ಬಿಗಿ ಎಂದುಕೊಂಡದ್ದು ಬರೀ ಸ್ಪ್ರಿಂಗ್.

ಎರಡನೇ ಸಲ, ಮೇಜಿನ ಮೇಲೆ

ಮುಂಭಾಗದ ವೈರುಗಳ ಫೋಟೋ ತೆಗೆದು, ಎಲ್ಲ ಕಿತ್ತು, ಬೋರ್ಡ್ ಹೊರಗೆ ತಂದೆ. ಫೋಟೋ ತೆಗೆಯಲು ಒಂದು ನಿಮಿಷ, ಕೀಳಲು ಏಳೆಂಟು ನಿಮಿಷ. ನಿನ್ನೆ ಉಳಿಸಿದ್ದು ಇಷ್ಟೇ ಸಮಯ. ಬೋರ್ಡನ್ನು ಅದರದೇ ರಟ್ಟಿನ ಡಬ್ಬದ ಮೇಲೆ ಇಟ್ಟೆ. ಅದು ಬಂದ ಹೊಳೆಯುವ ಚೀಲದ ಮೇಲಿಟ್ಟು ಆನ್ ಮಾಡಬಾರದು, ಆ ಥರದ ಕೆಲವು ಚೀಲಗಳ ಮೈ ವಿದ್ಯುತ್ ಹಾಯಿಸುತ್ತದೆ.

ಒಮ್ಮೆ ಒತ್ತಿ ಎತ್ತಿದ ಪೇಸ್ಟನ್ನು ಮತ್ತೆ ಬಳಸುವ ಹಾಗಿಲ್ಲ, ನಡುವೆ ಗಾಳಿಯ ಗುಳ್ಳೆ ಸೇರಿಕೊಳ್ಳುತ್ತವೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆ ಬಟ್ಟೆಯಲ್ಲಿ ಚಿಪ್ಪಿನ ತಲೆ, ಕೂಲರಿನ ಅಡಿ ಎರಡನ್ನೂ ಒರೆಸಿ ಕನ್ನಡಿ ಮಾಡಿದೆ. ಕಣ್ಣಿಗೆ ಕನ್ನಡಿಯಂತೆ ಕಂಡರೂ ಎರಡೂ ಮೈಯಲ್ಲಿ ಸೂಕ್ಷ್ಮ ತಗ್ಗುದಿಣ್ಣೆಗಳಿವೆ. ಅವುಗಳ ನಡುವೆ ಉಳಿಯುವ ಗಾಳಿ ಬಿಸಿ ಸಾಗಿಸುವುದರಲ್ಲಿ ಮಹಾ ಸೋಮಾರಿ. ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 235 ವಾಟ್ ದಾಟಿಸಿದರೆ ಗಾಳಿ 0.026. ಪೇಸ್ಟ್ ಇವೆರಡರ ನಡುವೆ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಟ್ಯೂಬುಗಳದ್ದು ಒಂದಂಕಿಯ ಲೆಕ್ಕ. ಗಾಳಿಗೆ ಹೋಲಿಸಿದರೆ ನೂರು ಪಟ್ಟು ಮೇಲು, ಲೋಹಕ್ಕೆ ಹೋಲಿಸಿದರೆ ತೀರಾ ಕಡೆ. ಕಲ್ಲಿನ ಗೋಡೆಯ ಸಂದಿಗೆ ಹಾಕುವ ಗಾರೆ ಇದ್ದ ಹಾಗೆ, ಸಂದಿ ತುಂಬುವಷ್ಟೇ ಬೇಕು. ಈ ಕಂಪ್ಯೂಟರ್ ಮೊದಲು ಜೋಡಿಸಿದವರು ಪೇಸ್ಟನ್ನು ಹೋಳಿಗೆಗೆ ತುಪ್ಪ ಬಡಿಸಿದಷ್ಟು ಧಾರಾಳವಾಗಿ ಹಾಕಿದ್ದರು, ಸಾಕೆಟ್ಟಿನ ಅಂಚಿಗೆ ಇಳಿದು ಒಣಗಿತ್ತು. ನಾನು ಚಿಪ್ಪಿನ ನಟ್ಟನಡುವೆ ಒಂದು ತೊಗರಿ ಕಾಳಿನಷ್ಟು ಇಟ್ಟೆ. ಬೆರಳಲ್ಲಿ ಸವರಲಿಲ್ಲ, ಹರಡುವುದು ಕೂಲರಿನ ಒತ್ತಡದ ಕೆಲಸ.

ಬ್ಯಾಕ್‌ಪ್ಲೇಟ್ ಕೆಳಗೆ, ಅದರ ಮೇಲೆ ಬೋರ್ಡು. ನಾಲ್ಕೂ ಗೂಟ ತೂತಿನಲ್ಲಿ ಸಮನಾಗಿ ಇಣುಕುತ್ತಿವೆಯೇ ಎಂದು ಅವಳು ಮಂಡಿಯೂರಿ ನೋಡಿದಳು. ಕೂಲರನ್ನು ನೇರ ಇಳಿಸಿ, ನಾಲ್ಕೂ ಸ್ಕ್ರೂವನ್ನು ಮೊದಲು ಎರಡೆರಡು ಸುತ್ತು ಮಾತ್ರ ಹಿಡಿಸಿದೆ. ಆಮೇಲೆ ಕರ್ಣದಲ್ಲಿ: ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಎರಡೆರಡು ಸುತ್ತು. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಎದುರಿನದು ಎದ್ದು ನಿಲ್ಲುತ್ತದೆ. ಹಿಡಿದ ಸ್ಕ್ರೂ ಕೊನೆಗೆ ಕಲ್ಲಿಗೆ ತಾಗಿದಂತೆ ಗಕ್ಕನೆ ನಿಲ್ಲುತ್ತದೆ. ಸ್ಪ್ರಿಂಗಿನ ಬಿಗಿ ಬೇರೆ, ಈ ನಿಲುಗಡೆ ಬೇರೆ. ನಿನ್ನೆ ಮೂರು ಸಲ ಆ ಗಕ್ಕು ಕೇಳಿಸಿತ್ತು, ನಾಲ್ಕನೆಯದು ಕೇಳಿಸಿರಲಿಲ್ಲ. ಲೆಕ್ಕ ಇಟ್ಟಿರಲಿಲ್ಲ ಅಷ್ಟೆ. ನಿಂತ ಮೇಲೆ ಇನ್ನೂ ಕಾಲು ಸುತ್ತು ಎಂದು ಹಠ ಮಾಡಬಾರದು.

ಹಿಂದೊಮ್ಮೆ ಇಂಟೆಲಿನ 775 ಸಾಕೆಟ್ಟಿನ ಕಾಲದ ಕೂಲರ್ ಹಾಕಿದ್ದೆ, ಹೆಬ್ಬೆರಳಲ್ಲಿ ಒತ್ತಿ ಸಿಕ್ಕಿಸುವ ಪ್ಲಾಸ್ಟಿಕ್ ಗೂಟದ್ದು. ಬೋರ್ಡ್ ಬಿಲ್ಲಿನಂತೆ ಬಾಗುತ್ತಿತ್ತು. ಒತ್ತಿದ್ದು ಸಾಲದೆ ಎರಡು ಗೂಟ ಬಿಟ್ಟುಕೊಂಡಿದ್ದವು. ಈಗ ಯೋಚಿಸಿದರೆ ಆಗ ನನಗೆ ಆದದ್ದು ಇಷ್ಟೇ: ಒತ್ತಬೇಕಾದಲ್ಲಿ ಹೆದರಿದ್ದು.

ಜೊತೆಗೇ ರ್‍ಯಾಮ್ ಕೆಲಸವನ್ನೂ ಮುಗಿಸಿದೆ. ಈ ಚಿಪ್ಪಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ಒಂದೇ ದಾರಿ, ಎರಡಿದ್ದರೆ ಎರಡು. 8 ಜಿಬಿಯ ಇನ್ನೊಂದು ಕಡ್ಡಿ ತಂದಿದ್ದೆ. ನನ್ನ ಬೋರ್ಡಿನಲ್ಲಿ ನಾಲ್ಕು ಜಾಗ ಇವೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದಕ್ಕೆ ಹಾಕಿದೆ.

ಮತ್ತೆ ಎಲ್ಲ ಜೋಡಿಸಿ, ಬಾಗಿಲು ಮುಚ್ಚಿ, ಫ್ಯಾನಿನ ವೇಗ ಮೊದಲಿನಂತೆ ಮಾಡಿ ಆನ್ ಮಾಡಿದೆ. ಸುಮ್ಮನಿದ್ದಾಗ 37, 38. ಅದೇ ಪರೀಕ್ಷೆ ಅರ್ಧ ಗಂಟೆ ಓಡಿಸಿದಾಗ 79ಕ್ಕೆ ಹೋಗಿ ಅಲ್ಲೇ ನಿಂತಿತು, ವೇಗ ಇಳಿಯಲಿಲ್ಲ. ಹತ್ತು ಟ್ಯಾಬ್, ಎರಡು ಪತ್ರಿಕೆ, ಒಂದು ಮಸುಕು ಗಣಪತಿ ಒಟ್ಟಿಗೆ ತೆರೆದೆ. ಬಾಣ ನಿಲ್ಲಲಿಲ್ಲ.

ಅಥ್ಲಾನನ್ನು ಹೊಸ ಚಿಪ್ ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು ಅವಳಿಗೆ ಕೊಟ್ಟೆ, ಹಾಸ್ಟೆಲಿನಲ್ಲಿ ಗೆಳತಿಯ ಬೋರ್ಡಿನಲ್ಲಿ ಹಾಕಿ ನೋಡುತ್ತಾಳಂತೆ. ಹಳೇ ಬ್ರ್ಯಾಕೆಟ್ ಎರಡು, ಅದರ ಸ್ಕ್ರೂ ನಾಲ್ಕು, ಲಗ್ನಪತ್ರಿಕೆಯ ಮಿಕ್ಕ ಕವರಿಗೆ ಹಾಕಿ ಕ್ಯಾಬಿನೆಟ್ ಒಳಗಿನ ಗೋಡೆಗೆ ಟೇಪಿನಲ್ಲಿ ಅಂಟಿಸಿದೆ. ಕವರಿನ ಮೇಲೆ ಪೇಸ್ಟ್ ಹಚ್ಚಿದ ತಾರೀಕು ಬರೆದೆ. ಅದರ ಕೆಳಗೆ ಅವಳು ತನ್ನ ಅಕ್ಷರದಲ್ಲಿ ಸೇರಿಸಿದಳು: "ಬಿಸಿಯಿರುವಾಗಲೇ ಬಿಚ್ಚುವುದು. ಪತ್ರೊಡೆ ಆಮೇಲೆ."